ಬ್ಯಾಟರಿ ಪೆಟ್ಟಿಗೆ ಮತ್ತು ಮುನಿಕೃಷ್ಣನ ಕೈ

ನನ್ನ ಗಂಡ ಮುನಿಕೃಷ್ಣನಿಗೆ ಬಾಯಿಗಿಂತ ಕೈ ಮುಂದು. ಎದುರಿಗೆ ನಿಂತಾಗ ‘ನೀವು’ ಅನ್ನುತ್ತೇನೆ, ಇಲ್ಲಿ ಯಾಕೆ ಅನ್ನಲಿ? ದೊಡ್ಡಬಳ್ಳಾಪುರದ ಕಡೆಯ ನಮ್ಮ ವಿಜಯಪುರದ ರೇಷ್ಮೆ ಕಾರ್ಖಾನೆಯಲ್ಲಿ ಮೋಟರ್ ರಿಪೇರಿ ಅವನ ಕೆಲಸ. ಅಲ್ಲಿ ಕೆಟ್ಟ ಮೋಟರನ್ನು ಕೂಸಿನ ಹಾಗೆ ಎತ್ತಿಕೊಳ್ಳುವವನು, ಮನೆಗೆ ಬಂದರೆ ಸಾರಿಗೆ ಉಪ್ಪು ಕಮ್ಮಿ ಅಂತ ತಟ್ಟೆಯನ್ನು ಗೋಡೆಗೆ ಎಸೆಯುತ್ತಿದ್ದ. ನನ್ನ ಮುಂದಿನ ಹಲ್ಲು ಹೋದದ್ದೂ ಅವನ ಕೈಯಿಂದಲೇ. ಬಚ್ಚಲಲ್ಲಿ ಜಾರಿ ಬಿದ್ದಳು ಅಂತ ಊರಿಗೆಲ್ಲ ಸಾರಿದವಳು ಅತ್ತೆ ಪಾಪಕ್ಕ.

ಹಲ್ಲು ಹೋದ ದಿನ ಬಟ್ಟೆ ಗಂಟು ಕಟ್ಟಿದೆ. ಬಾಗಿಲಿಗೆ ಅಡ್ಡ ನಿಂತ.

“ಹೋಗ್ಬೇಡ ಕಣೇ ಮಮತಾ. ಇನ್ಮೇಲೆ ಕೈ ಎತ್ತಲ್ಲ. ನಿನ್ನ ತಲಕಾವೇರಿಗೆ ಕರ್ಕೊಂಡ್ ಹೋಗ್ತೀನಿ, ನಿನ್ನಾಣೆ.”

ತಲಕಾವೇರಿ ನೋಡಬೇಕೆನ್ನುವುದು ಮದುವೆಗೂ ಮುಂಚಿನ ನನ್ನ ಆಸೆ. “ಇನ್ನೊಂದ್ಸಲ ಕೈ ಎತ್ತಿದ್ರೆ ನಿಮಗೂ ನನಗೂ ಮುಗೀತು,” ಅಂದು ಗಂಟು ಬಿಚ್ಚಿದೆ.

ಹಳೇ ವ್ಯಾನೊಂದನ್ನು ತಂದ. ನಾನೂ ಅದರಲ್ಲೇ ಡ್ರೈವಿಂಗ್ ಕಲಿತು ತವರಿನ ರೇಷ್ಮೆಗೂಡನ್ನು ಮಾರ್ಕೆಟ್ಟಿಗೆ ಸಾಗಿಸುತ್ತಿದ್ದೆ. ಅವನು ವ್ಯಾನಿನ ತಲೆಯ ಮೇಲೆ ಸೋಲಾರ್ ಪ್ಯಾನೆಲ್ ಬಿಗಿದ. ಹಿಂದೆ ಒಂದು ಸೀಟು ಕಿತ್ತು, ಕಾರ್ಖಾನೆಯವರು ಬೇಡವೆಂದಿದ್ದ ಯುಪಿಎಸ್ಸಿನ ದೊಡ್ಡ ಬ್ಯಾಟರಿ ಇಟ್ಟ. ಬಿಸಿಲಿಗೆ ಅದು ತುಂಬಿಕೊಂಡರೆ ದಾರಿಯುದ್ದಕ್ಕೂ ಫ್ಯಾನು ತಿರುಗುತ್ತೆ, ಕರೆಂಟ್ ಕುಕ್ಕರಿನಲ್ಲಿ ಅನ್ನ ಆಗುತ್ತೆ. ನಿಜ ಹೇಳುತ್ತೇನೆ, ಆ ದಿನಗಳಲ್ಲಿ ಅವನ ಮೇಲೆ ನನಗೆ ಪ್ರೀತಿಯೇ ಬಂದುಬಿಟ್ಟಿತ್ತು.

ಸೋಲಾರ್ ಅಂಗಡಿಯ ವೇಣುಗೋಪಾಲ್ ನಮ್ಮಿಬ್ಬರ ಎದುರಿಗೇ ಹೇಳಿದ್ದ: “ಗುರು, ಚಾರ್ಜ್ ಆಗುವಾಗ ಈ ಬ್ಯಾಟರಿ ಗ್ಯಾಸ್ ಬಿಡುತ್ತೆ. ಪೆಟ್ಟಿಗೆಗೆ ತೂತು ಹಾಕು. ಹತ್ರ ಬೆಂಕಿ ತರಬೇಡ.” ಇವನು ಒಳಗೆ ಧೂಳು ಹೋಗುತ್ತೆ ಅಂತ ಹಲಗೆ ಪೆಟ್ಟಿಗೆಯನ್ನು ಗಾಳಿಯಾಡದ ಹಾಗೆ ಮುಚ್ಚಿಟ್ಟ. ತೂತು ಹಾಕಿ ಅಂತ ನಾನು ಜ್ಞಾಪಿಸಿದ್ದೇ ತಪ್ಪಾಯಿತು. ಹೆಂಡತಿ ಹೇಳಿದಳಲ್ಲ, ಇನ್ನು ಸತ್ತರೂ ಹಾಕುವವನಲ್ಲ.

ಆಯುಧಪೂಜೆ ಬಂತು. ಬೆಳಗಿಂದ ಬಿಸಿಲಲ್ಲಿ ನಿಂತಿದ್ದ ವ್ಯಾನಿಗೆ ಬಾಳೆಕಂದು ಕಟ್ಟಿ, ಚೆಂಡುಹೂವು ಹಾಕಿ, ಬೂದುಗುಂಬಳ ಒಡೆದೆವು. ಹಬ್ಬದ ದಿನ ಎಲ್ಲ ಯಂತ್ರಕ್ಕೂ ಮಂಗಳಾರತಿ ಆಗಲೇಬೇಕಲ್ಲ, ಬ್ಯಾಟರಿಗೂ ಆಗಬೇಕೆಂದು ಕರ್ಪೂರದ ತಟ್ಟೆ ಹಿಡಿದು ವ್ಯಾನಿನ ಹಿಂಬಾಗಿಲಿಗೆ ಬಂದ. ಪೆಟ್ಟಿಗೆಯೊಳಗೆ ಬುಳುಬುಳು ಸದ್ದು.

“ರೀ, ಬೆಂಕಿ ಬೇಡ! ವೇಣು ಹೇಳಿದ್ದು ಮರ್ತ್ಬಿಟ್ರಾ?” ಅಂತ ತಟ್ಟೆಗೆ ಕೈ ಹಾಕಿದೆ.

“ಹಬ್ಬದ್ ದಿನ ಅಪಶಕುನ ನುಡೀತೀಯೇನೇ?” ಅಂದವನೇ ಅಕ್ಕಪಕ್ಕದವರೆಲ್ಲರ ಮುಂದೆ ಕಪಾಳಕ್ಕೆ ಬಿಟ್ಟ. ನಾನು ಹೋಗಿ ತುಳಸಿಕಟ್ಟೆಗೆ ಬಿದ್ದೆ. ತುಟಿ ಒಡೆದು ಬಾಯಿ ತುಂಬ ರಕ್ತ. ಅವನು ಮುಚ್ಚಳ ತೆಗೆದು ಆರತಿ ಎತ್ತಿದ.

ಢಂ ಅಂತು. ಪೆಟ್ಟಿಗೆ ಚೂರುಚೂರಾಗಿ, ವ್ಯಾನಿನ ಗಾಜು ಸಿಡಿದು, ಆಸಿಡ್ ನೇರ ಅವನ ಮುಖಕ್ಕೆ ಹಾರಿತು. “ಅಯ್ಯೋ ಕಣ್ಣು!” ಅಂತ ನೆಲದಲ್ಲಿ ಹೊರಳಾಡಿದ. ಪಾಪಕ್ಕ ಎದೆ ಬಡಿದುಕೊಂಡಳೇ ಹೊರತು ಹತ್ತಿರ ಬರಲಿಲ್ಲ. ಕೂದಲು ಹಿಡಿದು ನೀರಿನ ತೊಟ್ಟಿಗೆ ಎಳೆದೊಯ್ದು, ಕಣ್ಣು ಬಿಡಿಸಿ ನೀರು ಸುರಿದವಳು ನಾನು. ಎಡಗಣ್ಣು ಉಳಿಯಿತು, ಬಲಗಣ್ಣು ಹೋಯಿತು.

ನೋಡಲು ಬಂದವರಿಗೆಲ್ಲ ಪಾಪಕ್ಕನದು ಒಂದೇ ರಾಗ: “ನನ್ ಮಗ ಹೊಡ್ದಿದ್ದಕ್ಕೆ ಇವಳು ದೂರ ಬಿದ್ಲು. ಇಲ್ದಿದ್ರೆ ಇವಳ ಮುಖ ಇರ್ತಿತ್ತಾ?” ಬಂದವರು ಹೌದೌದು ಅಂತ ತಲೆಯಾಡಿಸಿದರು. ಕೊನೆಗೆ ಅವನೂ ಶುರುಮಾಡಿದ: “ನನ್ ಏಟಿಂದ ನೀನು ಉಳ್ಕೊಂಡೆ ಕಣೇ.”

ಮೈಯೆಲ್ಲ ಉರಿದುಹೋಯಿತು ನನಗೆ. ಗಂಜಿ ಬಟ್ಟಲನ್ನು ಗೋಡೆಗೆ ಬೀಸಿದೆ. “ನನ್ ಮಾತು ಕೇಳಿದ್ರೆ ಇಬ್ರೂ ಉಳೀತಿದ್ವಿ! ನಿಮ್ ಗಾಯ ಮಾಯ್ಲಿ ಅಂತ ಕಾಯ್ತಿದೀನಿ, ಅಷ್ಟೇ.”

ಗಾಯ ಮಾಯುವ ಹೊತ್ತಿಗೆ ವ್ಯಾನನ್ನು ಸರಿಮಾಡಿಸಿ ಬೇರೆ ಬ್ಯಾಟರಿ ಹಾಕಿಸಿದೆ. ಹಾಸ್ಟೆಲಿನಲ್ಲಿದ್ದು ಕಾಲೇಜು ಓದುವ ಮಗಳು ಕೀರ್ತನ ರಜೆಗೆ ಬಂದಿದ್ದಳು; ಅವಳು ಹೊಸ ಪೆಟ್ಟಿಗೆ ಹಿಡಿದುಕೊಂಡಳು, ತೂತು ನಾನೇ ಕೊರೆದೆ. ತಲಕಾವೇರಿಗೆ ಹೊರಡುವ ದಿನ, ಕೀರ್ತನ ಹಿಂದೆ ಹತ್ತಿ ಕೂತ ಮೇಲೆ, ಅವನು ವ್ಯಾನಿನ ಪಕ್ಕ ಬಂದು ನಿಂತ.

“ನಾನೂ ಬರ್ತೀನಿ. ಇನ್ಮೇಲೆ ಎತ್ತಲ್ಲ, ಆಣೆ.”

“ಬನ್ನಿ. ಎಲ್ಲಿ ಎತ್ತುತ್ತೀರೋ ಅಲ್ಲೇ ಇಳಿಸ್ತೀನಿ.”

ದೊಡ್ಡಬಳ್ಳಾಪುರ ದಾಟುವವರೆಗೂ ಕೈ ಕಟ್ಟಿಕೊಂಡು ಕೂತಿದ್ದ. ನೆಲಮಂಗಲ ಹತ್ತಿರವಾದಾಗ ಬೀಡಿ ಬಾಯಿಗಿಟ್ಟು ಕಡ್ಡಿ ಗೀರಿದ.

“ಹಿಂದೆ ಬ್ಯಾಟರಿ ಇದೆ. ಬೆಂಕಿ ಆರಿಸಿ.”

“ನಂಗೇ ಹೇಳ್ತೀಯೇನೇ?” ಕೈ ಮೇಲೆದ್ದಿತು.

ಬಸ್ ಸ್ಟಾಪಿನಲ್ಲಿ ನಿಲ್ಲಿಸಿದೆ. “ಇಳೀರಿ.”

ಅವನು ಹಲ್ಲುಕಿರಿದ. ಹಿಂದಿನಿಂದ ಕೀರ್ತನ, “ಇಳಿ ಅಪ್ಪಾ,” ಅಂದಳು. ಮಗಳ ದನಿಗೆ ಇಳಿದ. ಹೆದರಿಸಿ ಮತ್ತೆ ಹತ್ತಿಸಿಕೊಳ್ಳುತ್ತಾಳೆ ಅಂದುಕೊಂಡು ಪಕ್ಕದಲ್ಲೇ ನಿಂತಿದ್ದ. ನಾನು ಗೇರ್ ಹಾಕಿ ಹೊರಟೆ.

ಹಾಸನದಾಚೆ ರಸ್ತೆ ಬದಿಯಲ್ಲಿ ನಿಲ್ಲಿಸಿ, ಕುಕ್ಕರಿನಲ್ಲಿ ಅನ್ನ ಮಾಡಿ, ಮನೆಯಿಂದ ತಂದ ಸಾರು ಬಿಸಿಮಾಡಿ ಉಂಡೆವು. ಉಪ್ಪು ಕಮ್ಮಿಯಾಗಿತ್ತು. ಯಾರೂ ಏನೂ ಅನ್ನಲಿಲ್ಲ.