ಕಂಡಕ್ಟರರನ್ನು ಬಸ್ಸಿನಿಂದ ಇಳಿಸಿಕೊಂಡು ಹೋದ ವಾರ

ಜನವರಿಯ ಒಂದು ಸೋಮವಾರ ಬೆಳಿಗ್ಗೆ ಮೂಡುಬಿದಿರೆಯ ಬಸ್ ನಿಲ್ದಾಣದಿಂದ ನಾವು ಹೊರಟೆವು. ನರ್ಸಿಂಗ್ ಎರಡನೇ ವರ್ಷದ ಐದು ಹುಡುಗಿಯರು, ನಮ್ಮನ್ನು ಕರೆದೊಯ್ಯುತ್ತಿದ್ದ ಲವೀನಾ ಮೇಡಂ, ಎಲ್ಲರಿಗೂ ಒಂದೊಂದು ಬ್ಯಾಗು. ಬೆಳ್ತಂಗಡಿಯ ಆಸ್ಪತ್ರೆಯೊಂದರ ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡುಗಳಲ್ಲಿ ಒಂದು ವಾರದ ತರಬೇತಿ. ಉಳಿದುಕೊಳ್ಳಲು ಆಸ್ಪತ್ರೆಯ ಹಿಂದೆಯೇ ಒಂದು ಕೋಣೆ ಕೊಟ್ಟಿದ್ದರು. ಒಬ್ಬೊಬ್ಬ ವಿದ್ಯಾರ್ಥಿನಿಗೆ ಒಬ್ಬೊಬ್ಬ ರೋಗಿ. ಅವರು ದಾಖಲಾದಂದಿನಿಂದ ಮನೆಗೆ ಹೋಗುವ ತನಕ ಅವರ ಆರೈಕೆ ನಮ್ಮದು, ಮೇಲೆ ನೋಡಿಕೊಳ್ಳಲು ವಾರ್ಡಿನ ಸಿಸ್ಟರುಗಳು ಮತ್ತು ಮೇಡಂ.

ಖಾಸಗಿ ಬಸ್ಸು. ತಲಾ ಐವತ್ತು ರೂಪಾಯಿಯ ಆಸುಪಾಸು ಟಿಕೇಟು, ಮೂವತ್ತೈದು ಕಿಲೋಮೀಟರಿನಷ್ಟು ದಾರಿ. ಚಳಿ ಎಂದು ಅಲ್ಲಿಯವರು ಹೇಳುವಂಥದ್ದು ಗಾಳಿಯಲ್ಲಿತ್ತು. ನಮ್ಮೂರು ಇಳಕಲ್ಲಿನ ಜನವರಿ ಕಂಡ ನನಗೆ ಅದು ಬರೀ ತಂಪು. ಕಿಟಕಿ ತೆರೆದು ಕೂತೆ. ಪಕ್ಕದಲ್ಲಿ ಸಫಿಯಾ. ಅವಳು ಕೇರಳದ ಗಡಿ ಹತ್ತಿರದ ಕನ್ಯಾನದವಳು. ತುಳು, ಬ್ಯಾರಿ, ಮಲಯಾಳ, ಕನ್ನಡ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಆಡುತ್ತಾಳೆ. ನನಗೆ ತುಳುವಿನಲ್ಲಿ ಊಟ ಕೇಳಲು ಬರುತ್ತಿತ್ತು, ಅಷ್ಟೇ. ಆ ವಾರ ನನ್ನ ಭಯವೂ ಅದೇ ಆಗಿತ್ತು. ಮಾತೇ ತಿಳಿಯದಿದ್ದರೆ ರೋಗಿಯ ನೋವು ತಿಳಿಯುವುದು ಹೇಗೆ?

"ಹೆದರ್ಬೇಡ ಮಾರಾಯ್ತಿ," ಎಂದಳು ಸಫಿಯಾ. "'ಬೇನೆ ಉಂಡಾ' ಅಂತ ಕೇಳು. ನೋವು ಉಂಟಾ ಅಂತ ಅರ್ಥ. ಇದ್ರೆ ಅವರೇ ಕೈ ಇಟ್ಟು ತೋರಿಸ್ತಾರೆ."

ಕಂಡಕ್ಟರರು ಮೂವತ್ತೈದರ ಆಸುಪಾಸಿನವರು. ಡ್ರೈವರು 'ಜಯರಾಮಾ' ಎಂದು ಕೂಗುತ್ತಿದ್ದುದರಿಂದ ಹೆಸರು ತಿಳಿಯಿತು. "ದುಂಬು ಪೋಲೆ, ದುಂಬು ಪೋಲೆ," ಎಂದು ಅವರು ಜನರನ್ನು ಮುಂದಕ್ಕೆ ದೂಡುತ್ತಲೇ ಇದ್ದರು. ಆದರೆ ದನಿ ಏರುತ್ತಿರಲಿಲ್ಲ. ನಮ್ಮ ಸೀಟಿನ ಹತ್ತಿರ ಬಂದಾಗ ಟಿಕೇಟಿನ ಮೆಷಿನ್ ಒಂದು ಕೈಯಲ್ಲಿ, ಇನ್ನೊಂದು ಕೈ ಹೊಟ್ಟೆಯ ಬಲಭಾಗದ ಕೆಳಗೆ. ಹಣೆಯಲ್ಲಿ ಬೆವರು. ಕಿಟಕಿಯಿಂದ ಅಷ್ಟು ತಂಪು ಗಾಳಿ ಬರುತ್ತಿರುವಾಗ ಈ ಬೆವರು ಎಲ್ಲಿಯದು ಎಂದು ನನಗೆ ಅನಿಸಿತು.

ವೇಣೂರಿನಲ್ಲಿ ಬಸ್ಸು ನಿಂತಾಗ ಅವರು ಇಳಿದು ಒಂದು ಸೋಡಾ ಕುಡಿದು, ರಸ್ತೆ ಬದಿಯಲ್ಲೇ ಅದನ್ನು ವಾಂತಿ ಮಾಡಿದರು. ವೇಣೂರಿನ ಗೊಮ್ಮಟನನ್ನು ಹಾದಿಯಲ್ಲಿ ನೋಡಬೇಕೆಂದು ಮೂಡುಬಿದಿರೆಯಿಂದಲೇ ಕಾದಿದ್ದ ನಾನು ಆ ಕಡೆ ತಿರುಗಲೇ ಇಲ್ಲ. ಅವರು ಮತ್ತೆ ಹತ್ತಿದಾಗ ಬಾಯಿಗೆ ಬಂದದ್ದು ನಮ್ಮೂರಿನ ಮಾತೇ.

"ಹೊಟ್ಟಿ ನೋಯಾಕತ್ತೈತೇನ್ರೀ?"

ಅವರು ನನ್ನನ್ನೊಮ್ಮೆ, ಸಫಿಯಾಳನ್ನೊಮ್ಮೆ ನೋಡಿದರು. "ಇವರು ಯಾವ ಭಾಷೆ ಮಾತಾಡುವುದು?"

"ಕನ್ನಡವೇ ಅಣ್ಣಾ," ಎಂದಳು ಸಫಿಯಾ ನಗು ತಡೆದುಕೊಂಡು. "ಬೇನೆ ಉಂಡಾ ಅಂತ ಕೇಳ್ತಾ ಇದ್ದಾಳೆ."

"ಗ್ಯಾಸ್. ನಿನ್ನೆ ಮದುವೆ ಊಟ ಸ್ವಲ್ಪ ಜಾಸ್ತಿ ಆಯ್ತು."

"ನೋವು ಮೊದಲು ಎಲ್ಲಿ ಶುರು ಆಯ್ತು?" ಈ ಸಲ ಪುಸ್ತಕದ ಕನ್ನಡದಲ್ಲಿ ಕೇಳಿದೆ.

"ಹೊಕ್ಕುಳಿನ ಹತ್ತಿರ. ಬೆಳಗಾಗುವಾಗ ಇಲ್ಲಿ ಬಂದು ಕೂತಿದೆ," ಎಂದು ಬಲಭಾಗ ಒತ್ತಿ, ಒತ್ತಿದ್ದಕ್ಕೇ ಮುಖ ಹಿಂಡಿದರು.

ಮುಂದಿನ ಸೀಟಿನಲ್ಲಿದ್ದ ಲವೀನಾ ಮೇಡಂ ತಿರುಗಿ ನೋಡಿದ್ದು ಅವರನ್ನಲ್ಲ, ನನ್ನನ್ನು. ಅಪೆಂಡಿಕ್ಸಿನ ಪಾಠವನ್ನು ಮೇಡಂ ನಮಗೆ ಮಾಡಿದ್ದು ಹಿಂದಿನ ತಿಂಗಳಷ್ಟೇ. ಅವರು ಎದ್ದು ಬಂದು ನಾಲ್ಕು ಪ್ರಶ್ನೆ ಕೇಳಿ, "ಬೆಳ್ತಂಗಡಿಯಲ್ಲಿ ನಮ್ಮ ಜೊತೆ ಇಳಿಯಿರಿ, ಆಸ್ಪತ್ರೆಗೆ ಹೋಗುವ," ಎಂದರು.

"ಟ್ರಿಪ್ ಮುಗಿಸದೆ ಹೇಗೆ ಬರುವುದು ಮೇಡಂ? ಸಂಜೆ ತೋರಿಸ್ತೇನೆ."

ಗುರುವಾಯನಕೆರೆ ದಾಟಿದರೂ ಅವರು ಒಪ್ಪಲಿಲ್ಲ. ಬೆಳ್ತಂಗಡಿಯಲ್ಲಿ ನಾವು ಇಳಿದೆವು; ಅವರು ಬಾಗಿಲ ಕಂಬಿ ಹಿಡಿದು ನಿಂತೇ ಇದ್ದರು. ಸೀಟಿ ಊದಲು ಉಸಿರೆಳೆದವರು ಅರ್ಧಕ್ಕೇ ಬಗ್ಗಿಬಿಟ್ಟರು. ಆಗ ಡ್ರೈವರೇ ಇಂಜಿನ್ ಆರಿಸಿ ಇಳಿದು ಬಂದು, ಅವರ ಕೊರಳಿನಿಂದ ಹಣದ ಚೀಲ ತೆಗೆದುಕೊಂಡ. "ಹೋಗು ಮಾರಾಯ. ಧನಿಗಳಿಗೆ ನಾನು ಫೋನ್ ಮಾಡ್ತೇನೆ." ಹೀಗೆ ಬೆಳ್ತಂಗಡಿಗೆ ಬಂದ ಮೊದಲ ಕೆಲಸವೇ ಬಸ್ಸಿನ ಕಂಡಕ್ಟರರನ್ನು ಇಳಿಸಿಕೊಂಡು, ನಮ್ಮ ಬ್ಯಾಗುಗಳ ಜೊತೆ ಆಟೋ ಹತ್ತಿಸಿದ್ದು.

ಮೇಡಂ ಅನುಮಾನ ಸರಿಯಾಗಿತ್ತು. ಡಾಕ್ಟರರು ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, "ಇವತ್ತೇ ಆಪರೇಶನ್. ನಾಳೆಯವರೆಗೆ ಬಿಟ್ಟಿದ್ದರೆ ಒಡೆಯುತ್ತಿತ್ತು," ಎಂದರು. ಮೇಡಂ ನನ್ನ ಕಡೆ ತಿರುಗಿ, "ಶಿವಲೀಲಾ, ಇವರೇ ನಿನ್ನ ರೋಗಿ," ಎಂದರು.

ಜಯರಾಮಣ್ಣ ಕೇಳಿಸಿಕೊಂಡು ಗಾಬರಿಯಾದರು. "ಈ ಭಾಷೆಯ ಹುಡುಗಿಯಾ?"

ಮಧ್ಯಾಹ್ನ ಅವರ ಹೆಂಡತಿ ಸುಜಾತಕ್ಕ ಮೆಲ್ಕಾರಿನಿಂದ ಓಡಿ ಬಂದರು. ಅಷ್ಟರಲ್ಲಿ ನಾನು ನಾಡಿ, ಜ್ವರ, ಬಿಪಿ ನೋಡಿ ಸಿಸ್ಟರಿಗೆ ಒಪ್ಪಿಸಿದ್ದೆ. ಒಂದು ಗುಟುಕು ನೀರು ಬೇಕೆಂದು ಅವರು ಗೋಗರೆದಾಗ ಕೊಡದೆ, ಹತ್ತಿಯಿಂದ ತುಟಿ ಮಾತ್ರ ಒದ್ದೆ ಮಾಡಿದ್ದೆ. ಥಿಯೇಟರಿಗೆ ಸ್ಟ್ರೆಚರು ತಳ್ಳುವಾಗ ಅವರು ನನ್ನ ಕೋಟಿನ ತುದಿ ಹಿಡಿದುಕೊಂಡರು. ಬಾಗಿಲವರೆಗೂ ಬಿಡಲಿಲ್ಲ. ಹೆದರಿಕೆ ನನಗೂ ಇತ್ತು. ಆದರೆ ಅವರೆದುರು ಅದನ್ನು ತೋರಿಸುವಂತಿರಲಿಲ್ಲ. ಸಂಜೆ ಡಾಕ್ಟರರು ಹೊರಗೆ ಬಂದು "ಚೆನ್ನಾಗಿ ಆಯ್ತು" ಎಂದಾಗ ಸುಜಾತಕ್ಕ ಕುರ್ಚಿಯಲ್ಲಿ ಕುಸಿದರು. ಸಫಿಯಾ ಅವರನ್ನು ಕ್ಯಾಂಟೀನಿಗೆ ಕರೆದೊಯ್ದು ಚಹಾ, ಬನ್ಸ್ ತಿನ್ನಿಸಿದಳು. ಮೈದಾ, ಬಾಳೆಹಣ್ಣು ಕಲಸಿ ಕರಿದ ಆ ಸಿಹಿ ಪೂರಿಯನ್ನು ನಾನು ಆ ವಾರ ದಿನಾ ತಿಂದೆ.

ಕಷ್ಟ ಶುರುವಾದದ್ದು ಮಂಗಳವಾರ. ಆಪರೇಶನ್ ಆದವರನ್ನು ಬೇಗ ಎಬ್ಬಿಸಿ ನಡೆಸಬೇಕು. ಮಲಗಿಯೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ, ಕರುಳೂ ಕೆಲಸಕ್ಕೆ ಇಳಿಯುವುದಿಲ್ಲ. ಜಯರಾಮಣ್ಣ ಮಾತ್ರ ಮಗ್ಗುಲು ಬದಲಿಸಲೂ ಸಿದ್ಧರಿರಲಿಲ್ಲ. "ಹೊಲಿಗೆ ಬಿಚ್ಚಿ ಕರುಳು ಕೆಳಗೆ ಬಿದ್ರೆ ನೀವು ಹೆಕ್ಕಿ ಕೊಡ್ತೀರಾ?" ಎಂದು ಕೇಳಿದರು. ಸಿಸ್ಟರು ಗದರಿದರು, ಸುಜಾತಕ್ಕ ಅತ್ತರು, ಏನೂ ಆಗಲಿಲ್ಲ. ಕೆಮ್ಮಲೂ ಹೆದರಿ, ಕೆಮ್ಮು ಬಂದಾಗ ಉಸಿರು ಬಿಗಿಹಿಡಿಯುತ್ತಿದ್ದರು. ಬುಧವಾರ ಬೆಳಿಗ್ಗೆ ನಾನು ಥರ್ಮಾಮೀಟರು ತೆಗೆದಾಗ ಜ್ವರ ಏರಿತ್ತು. ಡಾಕ್ಟರರು ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿ, "ಇವತ್ತು ಇವರು ನಡೆಯಲೇಬೇಕು. ಇಲ್ಲದಿದ್ದರೆ ನ್ಯುಮೋನಿಯಾ ಆಗ್ತದೆ," ಎಂದು ಹೇಳಿಹೋದರು.

ನಾನು ವರಾಂಡಾಕ್ಕೆ ಹೋಗಿ ಸುಮ್ಮನೆ ನಿಂತೆ. ಅಳು ಬರುವ ಹಾಗಿತ್ತು. ಲವೀನಾ ಮೇಡಂ ಬಂದು ಪಕ್ಕದಲ್ಲಿ ನಿಂತರು. "ನಡಿ ಅಂತ ಎಲ್ಲರೂ ಹೇಳಿದ್ದೇವೆ," ಎಂದರು. "ಹೇಗೆ ನಡೆಯುವುದು ಅಂತ ಯಾರಾದರೂ ತೋರಿಸಿದ್ದೇವಾ?"

ಒಳಗೆ ಬಂದು ನಾನು ಪಕ್ಕದ ಖಾಲಿ ಹಾಸಿಗೆಯ ಮೇಲೆ ಮಲಗಿದೆ. ಸೀರೆ ಉಟ್ಟ ಹೆಂಗಸರೂ ಲುಂಗಿ ಉಟ್ಟ ಗಂಡಸರೂ ಬಂದು ಹೋಗುವ ವಾರ್ಡಿನಲ್ಲಿ ಯೂನಿಫಾರ್ಮಿನಲ್ಲೇ ಚಾಚಿಕೊಂಡೆ. ಎಲ್ಲರೂ ನೋಡಿದರು. ದಿಂಬನ್ನು ಹೊಟ್ಟೆಗೆ ಎರಡೂ ಕೈಯಿಂದ ಒತ್ತಿ ಹಿಡಿದು ಕೆಮ್ಮಿ ತೋರಿಸಿದೆ. "ಹೊಲಿಗೆ ಬಿಚ್ಚೋದಿಲ್ರೀ. ಡಾಕ್ಟರ್ ಒಳಗೂ ಹೊಲ್ದಾರ, ಹೊರಗೂ ಹೊಲ್ದಾರ. ಈ ದಿಂಬು ಮೂರನೇದು." ಆಮೇಲೆ ಮಗ್ಗುಲಾಗಿ, ಮೊಣಕೈ ಊರಿ, ಕಾಲು ಇಳಿಬಿಟ್ಟು ಕೂತೆ. ತಲೆ ಸುತ್ತುವುದು ನಿಲ್ಲುವ ತನಕ ಕೂರಬೇಕು, ಆಮೇಲೆ ಏಳಬೇಕು. ಎದ್ದು ನಿಂತೆ. ಮತ್ತೆ ಮಲಗಿ, ಮತ್ತೆ ಎದ್ದೆ.

ಜಯರಾಮಣ್ಣ ಕಣ್ಣು ಬಿಟ್ಟು ನೋಡುತ್ತಿದ್ದರು. "ಇನ್ನೊಂದು ಸಲ ಮಾಡಿ," ಎಂದರು. ಮೂರನೇ ಸಲ ನಾನು ಮಾಡಿದಾಗ ಅವರೂ ದಿಂಬು ಎಳೆದುಕೊಂಡರು. ಸಣ್ಣಗೆ ಕೆಮ್ಮಿದರು. ಹೊಟ್ಟೆ ಮುಟ್ಟಿ ನೋಡಿಕೊಂಡರು. ಏನೂ ಬಿದ್ದಿರಲಿಲ್ಲ. ಇನ್ನಷ್ಟು ಜೋರಾಗಿ ಕೆಮ್ಮಿ ಕಫ ಉಗುಳಿದರು.

"ಲಕ್ಕ್‌ಲೆ," ಎಂದೆ. ಏಳಿ ಎನ್ನುವುದಕ್ಕೆ ಸಫಿಯಾ ಹೇಳಿಕೊಟ್ಟ ತುಳು. "ಮೆಲ್ಲ, ಮೆಲ್ಲ."

ನನ್ನ ಭುಜದ ಮೇಲೆ ಕೈಯೂರಿ ಅವರು ಎದ್ದು ನಿಂತರು. ನಿಂತವರು ಅಲ್ಲೇ ನಿಂತುಬಿಟ್ಟರು. ಎದುರಿನ ಹಾಸಿಗೆಯಲ್ಲಿ, ಕಾಲಿನ ಹುಣ್ಣಿಗೆ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಸೇರಿದ್ದ ವೇಣೂರಿನ ಜಿನರಾಜಜ್ಜ ಇದ್ದರು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಜೈನರು; ಅವರ ಊಟಕ್ಕೆ ಸರಿಯಾಗಿ ಸಕ್ಕರೆ ಕಾಯಿಲೆಯ ಮಾತ್ರೆಯ ಹೊತ್ತನ್ನು ಡಾಕ್ಟರರಿಗೆ ಹೇಳಿ ಬದಲಾಯಿಸಿದವಳು ಅವರನ್ನು ನೋಡಿಕೊಳ್ಳುತ್ತಿದ್ದ ಸಫಿಯಾ. ಅಲ್ಲಿಯವರೆಗೆ ಎಲ್ಲವನ್ನೂ ಸುಮ್ಮನೆ ನೋಡುತ್ತಿದ್ದ ಅಜ್ಜ ಈಗ ದನಿ ಎತ್ತಿದರು.

"ಜಯರಾಮಾ, ಎಷ್ಟು ವರ್ಷದಿಂದ ನಿನ್ನ ಬಸ್ಸಲ್ಲಿ ನನ್ನನ್ನು ದೂಡ್ತಾ ಬಂದಿದ್ದೀಯಲ್ಲ. ಇವತ್ತು ನೀನು ಹೋಗು. ದುಂಬು ಪೋಲ! ಎದುರು ಜಾಗ ಉಂಟು!"

ವಾರ್ಡಿಗೆ ವಾರ್ಡೇ ನಕ್ಕಿತು. ಜಯರಾಮಣ್ಣನಿಗೂ ನಗು ಬಂತು; ನಕ್ಕರೆ ನೋಯುತ್ತದೆ, ಆದ್ದರಿಂದ ದಿಂಬು ಒತ್ತಿಕೊಂಡು ನಕ್ಕರು. ನಗುತ್ತಲೇ ಒಂದು ಹೆಜ್ಜೆ ಇಟ್ಟರು. ಆಮೇಲೆ ಇನ್ನೊಂದು. ಕಿಟಕಿಯ ತನಕ ಹೋಗಿ ಸರಳು ಹಿಡಿದು ನಿಂತಾಗ ಅವರ ಮೈಯೆಲ್ಲ ಬೆವರು, ನನ್ನ ಮೈಯೂ. ಸುಜಾತಕ್ಕ ಬಾಗಿಲಲ್ಲಿ ಗಂಜಿಯ ಪಾತ್ರೆ ಹಿಡಿದುಕೊಂಡು ನಿಂತಿದ್ದರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.

ಅದರ ನಂತರ ಅವರನ್ನು ಹಿಡಿದು ನಿಲ್ಲಿಸುವುದೇ ಕಷ್ಟವಾಯಿತು. ಗುರುವಾರ ಜ್ವರ ಇಳಿಯಿತು. ವಾರ್ಡಿನ ಆ ತುದಿಯಿಂದ ಈ ತುದಿಗೆ ನಡೆಯುತ್ತಾ, ಹಾಸಿಗೆ ಹಾಸಿಗೆಯ ಹತ್ತಿರ ನಿಂತು ಊರು ಯಾವುದು, ಯಾವ ಬಸ್ಸಲ್ಲಿ ಹೋಗುವುದು ಎಂದು ವಿಚಾರಿಸತೊಡಗಿದರು. ನಾನು ಎದುರಾದರೆ, "ಹೊಟ್ಟಿ ನೋಯಾಕತ್ತಿಲ್ರೀ," ಎಂದು ನನ್ನ ಭಾಷೆಯಲ್ಲೇ ವರದಿ ಒಪ್ಪಿಸುತ್ತಿದ್ದರು. ಶುಕ್ರವಾರ ಅವರನ್ನು ಮನೆಗೆ ಕಳಿಸಿದರು.

ಶನಿವಾರ ನಾವು ಹೊರಟಾಗ ಬಂದ ದಾರಿಯಲ್ಲಿ ಹೋಗಲಿಲ್ಲ. ಸುಜಾತಕ್ಕ ಮೇಡಂಗೆ ಫೋನ್ ಮೇಲೆ ಫೋನ್ ಮಾಡಿ ಮನೆಗೆ ಬರಲೇಬೇಕು ಎಂದಿದ್ದರು. ರೋಗಿಗಳ ಮನೆಯಲ್ಲಿ ಊಟ ಮಾಡುವ ಪದ್ಧತಿ ಇಲ್ಲ ಎಂದು ಮೇಡಂ ಮೊದಲು ಬಿಗಿಯಾಗಿದ್ದರು. ಕೊನೆಗೆ, "ಗಾಯ ಹೇಗಿದೆ ನೋಡಿ ಬರುವ. ಒಂದು ಚಹಾ, ಅಷ್ಟೇ," ಎಂದರು. ಬೆಳ್ತಂಗಡಿಯಿಂದ ಸರ್ಕಾರಿ ಬಸ್ಸು. ಆಧಾರ್ ತೋರಿಸಿದ್ದಕ್ಕೆ ಉಚಿತ ಟಿಕೇಟು. ಮಡಂತ್ಯಾರು ಮೇಡಂ ಊರು. ಬಸ್ಸು ಅಲ್ಲಿ ನಿಂತಾಗ ಅವರ ತಮ್ಮ ಕಿಟಕಿಯಿಂದ ಬಿಸಿ ಗೋಳಿಬಜೆಯ ಪೊಟ್ಟಣ ಒಳಗೆ ತುರುಕಿ, ಅಕ್ಕನ ಜೊತೆ ಎರಡು ಮಾತಾಡುವಷ್ಟರಲ್ಲಿ ಬಸ್ಸು ಹೊರಟಿತು. ಪುಂಜಾಲಕಟ್ಟೆ ಬರುವ ಮೊದಲೇ ಪೊಟ್ಟಣ ಖಾಲಿ. ಬಂಟ್ವಾಳ ದಾಟಿ ಬಿ.ಸಿ. ರೋಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆವು. ಪಾಣೆಮಂಗಳೂರಿನ ಸೇತುವೆಯ ಕೆಳಗೆ ನೇತ್ರಾವತಿ ಬಿಸಿಲಿಗೆ ಮಿನುಗುತ್ತಿತ್ತು. ಅಷ್ಟು ಅಗಲದ ಹೊಳೆಯ ಮೇಲೆ ಹೋಗುವಾಗ ನಾನು ಮಾತು ನಿಲ್ಲಿಸಿದ್ದನ್ನು ಕಂಡು ಸಫಿಯಾ ನಕ್ಕಳು.

ಮೆಲ್ಕಾರಿನ ಅಂಗಡಿಸಾಲಿನ ಹಿಂದೆ ಅವರ ಮನೆ. ಚಹಾದ ಜೊತೆಗೆ ನೀರುದೋಸೆ ಬಂತು, ದೋಸೆಯ ಜೊತೆಗೆ ಕೋಳಿಸಾರು ಬಂತು. ಮೇಡಂ ಏನೋ ಹೇಳಹೊರಟವರು ಸಾರಿನ ಪರಿಮಳಕ್ಕೆ ಸುಮ್ಮನಾದರು. ತಿನ್ನುವ ಮೊದಲು ನಾನು ಕೈ ತೊಳೆದು ಗಾಯ ನೋಡಿದೆ. ಒಣಗಿತ್ತು, ಸುತ್ತ ಕೆಂಪಿರಲಿಲ್ಲ. ಭಾರ ಎತ್ತಬಾರದು, ಹೊಲಿಗೆ ತೆಗೆಯಲು ಹೇಳಿದ ದಿನವೇ ಹೋಗಬೇಕು, ಡಾಕ್ಟರ್ ಹೇಳುವ ತನಕ ಬಸ್ಸಿನ ಕೆಲಸ ಇಲ್ಲ ಎಂದೆ. ಜಯರಾಮಣ್ಣ ತಲೆಯಾಡಿಸಿ, ಒಳಗಿದ್ದ ಅಮ್ಮನನ್ನು ಕರೆದರು. "ಅಮ್ಮಾ, ನನ್ನನ್ನು ನಡೆಸಿದ ಸಿಸ್ಟರ್ ಇವರೇ." ವಿದ್ಯಾರ್ಥಿನಿಯರನ್ನು ಯಾರೂ ಸಿಸ್ಟರ್ ಎನ್ನುವುದಿಲ್ಲ. ತಿದ್ದಬೇಕೆಂದು ಮೇಡಂ ಕಡೆ ನೋಡಿದೆ. ಮೇಡಂ ದೋಸೆಯ ಕಡೆ ನೋಡುತ್ತಿದ್ದರು.

ಬಂಟ್ವಾಳದಿಂದ ಸಿದ್ಧಕಟ್ಟೆಯ ಮೂಲಕ ಮೂಡುಬಿದಿರೆಗೆ ಬರುವ ದಾರಿಯುದ್ದಕ್ಕೂ ಐವರೂ ನಿದ್ದೆ ಮಾಡಿದೆವು. ಹಾಸ್ಟೆಲ್ ತಲುಪಿ, ಬ್ಯಾಗು ಕೆಳಗಿಟ್ಟು, ಅವ್ವನಿಗೆ ಫೋನ್ ಮಾಡಿದೆ. ಅವ್ವ ಸೀರೆ ನೇಯುತ್ತಾಳೆ. ನನ್ನ ಜೊತೆ ಮಾತಾಡುವಾಗಲೂ ಆ ಕಡೆಯಿಂದ ಮಗ್ಗದ ಸದ್ದು ಬರುತ್ತಲೇ ಇರುತ್ತದೆ.

"ಒಂದು ವಾರ ಏನ್ ಕಲ್ತಿ?" ಎಂದು ಕೇಳಿದಳು.

"ಒಬ್ಬರನ್ನ ನಡೆಸಿದೆ, ಅವ್ವಾ."

ಮಗ್ಗದ ಸದ್ದು ನಿಂತಿತು. "ಎಷ್ಟು ದೂರ?"

"ಹಾಸಿಗಿಯಿಂದ ಕಿಟಕಿ ತನಕ."

"ಭಾಳ ದೂರ ಆತಲ್ಲವ್ವಾ," ಎಂದಳು ಅವ್ವ.