ಹದಿನೈದು ನಂಬರಿನ ಪಾನಾ

ನಾನು ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಸರ್ಕಾರಿ ಶಾಲೆಗೆ ಹೋಗಿ ಎಂಟನೇ ತರಗತಿಯ ಹುಡುಗಿಯರಿಗೆ ನಿಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಹೇಳುತ್ತೀರಾ ಎಂದು ಡಿಪೋ ಮ್ಯಾನೇಜರ್ ಕೇಳಿದಾಗ ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟೆ. ಬಸ್ಸಿನ ಕೆಳಗೆ ಎಷ್ಟು ಹೊತ್ತಾದರೂ ಮಲಗಿರಬಲ್ಲೆ. ನಾಲ್ಕು ಜನರ ಮುಂದೆ ನಿಂತರೆ ಮಾತ್ರ ನಾಲಿಗೆ ಒಣಗುತ್ತದೆ.

ಹೀಗೆ ಶಾಲೆಗಳಿಗೆ ಹೋಗಲು ಒಪ್ಪಿದವರಿಗೆ ತರಬೇತಿ ಕೊಡಲು ಬಂದ ಮೇಡಂ ನಮಗೆಲ್ಲ ಒಂದೊಂದು ಹಾಳೆ ಹಂಚಿದರು. "ಕೈಯಾಗ ಒಂದ್ ಸಾಮಾನ ಹಿಡ್ಕೊಂಡು ಹೋಗ್ರಿ. ಈ ಕೆಲಸ ನಿಮಗ ಮೊದಲ ಯಾರು ಕಲಿಸಿದ್ರು ಅದನ್ನ ಹೇಳ್ರಿ," ಅಂದರು. ಹಾಳೆಯಲ್ಲಿ ಅದಕ್ಕೆ ಜಾಗವೂ ಇತ್ತು: ಕಲಿಸಿದವರು, ಅವರ ಉದ್ಯೋಗ. ಅಪ್ಪ, ಸೈಕಲ್ ಅಂಗಡಿ ಎಂದು ಒಂದೇ ಉಸಿರಿಗೆ ಬರೆದೆ.

ಭಾನುವಾರ ನಮ್ಮ ಬಾಡಿಗೆ ಮನೆಯಲ್ಲಿ ಅಕ್ಕನನ್ನು ಕೂರಿಸಿಕೊಂಡು ಭಾಷಣ ಒಪ್ಪಿಸಿದೆ. ಅವಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ನನಗೆ ಒಂಬತ್ತು ವರ್ಷವಿದ್ದಾಗ ಅಪ್ಪ ನನ್ನ ಕೈಗೆ ಹದಿನಾಲ್ಕು ನಂಬರಿನ ಪಾನಾ ಕೊಟ್ಟು, ಹಿಂದಿನ ಗಾಲಿಯ ನಟ್ಟು ಬಿಚ್ಚು ಎಂದರು..."

"ಹದಿನಾಲ್ಕಲ್ಲ, ಹದಿನೈದು," ಅಂದಳು ಅಕ್ಕ, ತಲೆ ಎತ್ತದೆ. "ಆ ನಟ್ಟಿಗೆ ಹದಿನಾಲ್ಕು ಕೂಡಂಗಿಲ್ಲ."

ಓದುತ್ತಿದ್ದವಳು ಅಲ್ಲೇ ನಿಂತೆ. ಅಪ್ಪ ನನ್ನ ಕೈಗೆ ಯಾವತ್ತೂ ಪಾನಾ ಕೊಟ್ಟವನಲ್ಲ. ನಮ್ಮೂರು ಶಿರಗುಪ್ಪಿಯಲ್ಲಿ ಅವನು ಮಧ್ಯಾಹ್ನ ಊಟ ಮಾಡಿ ಮಲಗಿದರೆ ಅಂಗಡಿ ಅಕ್ಕನದು. ಪಂಕ್ಚರ್ ಹಾಕಿದವಳು, ಸೊಟ್ಟಗಾದ ಗಾಲಿ ನೆಟ್ಟಗೆ ಮಾಡಿದವಳು, ನನಗೆ ನಟ್ಟು ಬಿಚ್ಚಲು ಕಲಿಸಿದವಳು ಅವಳೇ. ಹೆಣ್ಣುಮಗಳು ಮುಟ್ಟಿದ್ದು ಅಂದರೆ ಗಿರಾಕಿ ಬರುವುದಿಲ್ಲವೆಂದು ಅಪ್ಪನಿಗೆ ಅಂಜಿಕೆ. ಯಾರು ಕೇಳಿದರೂ ಅಪ್ಪನೇ ಮಾಡಿದ್ದು ಅನ್ನಬೇಕಿತ್ತು. ಅಂದು ಅಂದು ರೂಢಿಯಾಗಿ, ಕೊನೆಗೆ ನಾನೇ ನಂಬಿಬಿಟ್ಟಿದ್ದೆ. ಅಪ್ಪ ತೀರಿಕೊಂಡು ಆರು ವರ್ಷವಾದ ಮೇಲೂ ಆ ಸುಳ್ಳನ್ನು ನೀಟಾಗಿ ಹಾಳೆಗೆ ಇಳಿಸಿದ್ದೆ.

ಅಕ್ಕ ಹತ್ತನೇ ತರಗತಿ ಮುಗಿಸಿದ ವರ್ಷವೇ ಅವ್ವನಿಗೆ ಲಕ್ವಾ ಹೊಡೆಯಿತು. ಮನೆಯಲ್ಲಿ ಒಬ್ಬರು ಇರಬೇಕಲ್ಲ, ಅಕ್ಕ ಉಳಿದಳು. ನಾನು ಮುಂದೆ ಐಟಿಐ ಸೇರಿದೆ. ಅವ್ವ ಹೋಗುವ ಹೊತ್ತಿಗೆ ಅಕ್ಕನ ಓದು, ಮದುವೆ ಎರಡರ ಮಾತೂ ನಿಂತುಹೋಗಿತ್ತು. ಈಗ ನನ್ನ ಡಬ್ಬಿ ಕಟ್ಟುತ್ತಾಳೆ, ನನ್ನ ಯೂನಿಫಾರ್ಮಿನ ಗ್ರೀಸ್ ಕಲೆ ತಿಕ್ಕುತ್ತಾಳೆ.

ಅಪ್ಪನ ಹೆಸರು ಹೊಡೆದುಹಾಕಿ ಅಕ್ಕನ ಹೆಸರು ಬರೆದೆ. "ನೀನೂ ಬಾ ಅಕ್ಕಾ ಸಾಲಿಗೆ. ನೀನ ಕಲಿಸಿದ್ದಿ ಅಂತ ಎಲ್ಲಾರ ಮುಂದ ಹೇಳ್ತೇನಿ."

"ಹುಚ್ಚಿ," ಅಂದಳು. ಸೆರಗಿಗೆ ಕೈ ಒರೆಸಿಕೊಂಡು ಹಾಳೆ ಇಸಿದುಕೊಂಡಳು. ಅವಳ ಬೆರಳು ಉದ್ಯೋಗದ ಮುಂದೆ ಬಂದು ನಿಂತಿತು.

"ಇಲ್ಲೇನ್ ಬರೀತಿ?"

ನಾನು ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ.

"ಅಪ್ಪಂದ ಇರ್ಲಿ ಬಿಡು. ಅಂವಂದಾದ್ರ ಅಂಗಡಿ ಇತ್ತು."

ಹಾಳೆ ವಾಪಸು ಕೊಟ್ಟು ಮತ್ತೆ ಮೊರ ಎಳೆದುಕೊಂಡಳು. ನಾನು ಕಣ್ಣು ಒರೆಸಿಕೊಳ್ಳುವುದನ್ನು ನೋಡಿಯೂ ನೋಡದವಳಂತೆ ಅಂದಳು: "ಪಾನಾದ ನಂಬರಷ್ಟು ತಿದ್ದು. ಹುಡುಗ್ಯಾರು ತಪ್ಪು ಕಲೀಬಾರದು."