ರಸಮಟ್ಟ ಹಿಡಿದ ದೋಣಿ

ನಮ್ಮ ಹಿತ್ತಲಿನ ಹೊಂಗೆಮರದ ಕೆಳಗೆ ಎರಡು ವರ್ಷ ಒಂದು ದೋಣಿ ನಿಂತಿತ್ತು. ಸಾಸಲು ಹೋಬಳಿಯ ನಮ್ಮೂರಿಗೂ ದೋಣಿಗೂ ಏನು ಸಂಬಂಧ ಎಂದು ನೀವು ಕೇಳಬೇಡಿ, ಊರೆಲ್ಲ ಕೇಳಿ ಮುಗಿಸಿದೆ. ನಮ್ಮನೆಯವರು ದೇವನಹಳ್ಳಿ ಕಡೆಯ ಒಂದು ರೆಸಾರ್ಟಿನಲ್ಲಿ ಹನ್ನೊಂದು ವರ್ಷ ಬೋಟು ಓಡಿಸಿದರು. ರೆಸಾರ್ಟು ಮುಚ್ಚಿದಾಗ ಅಲ್ಲಿಯವರು, ಹಳೇ ಫೈಬರ್ ಬೋಟು ಬೇಕಾದರೆ ತಗೊಂಡು ಹೋಗಪ್ಪಾ ಎಂದರಂತೆ. ಬೇರೆ ಯಾರಾದರೂ ಆಗಿದ್ದರೆ ಫ್ರಿಜ್ಜು ಕೇಳುತ್ತಿದ್ದರು, ಸೋಫಾ ಕೇಳುತ್ತಿದ್ದರು. ಇವರು ಲಾರಿ ಮಾಡಿಕೊಂಡು ಬೋಟು ಹೇರಿಕೊಂಡು ಬಂದರು. ತಲೆ ಮೇಲೆ ತಗಡಿನ ಚಾವಣಿ, ಹಿಂದುಗಡೆ ಬಾಗಿಲು, ಬಾಗಿಲ ಪಕ್ಕ ಕೆಟ್ಟ ಇಂಜಿನ್ನು. ನಾಲ್ಕು ಸೈಜುಗಲ್ಲಿನ ಮೇಲೆ ಅದನ್ನು ಕೂರಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಒಳಗೊಂದ್ ರೂಮ್ ಮಾಡ್ತೀನಿ. ಕೆರೆ ತುಂಬಿದ್ ದಿನ ನೀರಿಗೆ ಬಿಡ್ತೀನಿ" ಎಂದರು.

"ಯಾಕೆ, ಮನೇಲಿ ನಿಮ್ಗೆ ಜಾಗ ಸಾಲ್ದಾ?" ಎಂದೆ. ನಕ್ಕು ಸುತ್ತಿಗೆ ತರಲು ಹೋದರು. ನಾನೂ ಮತ್ತೆ ಕೇಳಲಿಲ್ಲ. ನಮ್ಮಿಬ್ಬರ ನಡುವೆ ಮಾತು ಅಷ್ಟೇ ಇತ್ತು. ಜಗಳವೇನಿರಲಿಲ್ಲ, ಊಟಕ್ಕೆ ಬನ್ನಿ, ಗ್ಯಾಸ್ ಖಾಲಿಯಾಗಿದೆ, ಅಷ್ಟರಲ್ಲಿ ದಿನ ಮುಗಿಯುತ್ತಿತ್ತು.

ಆ ದೋಣಿಯ ಮೇಲೆ ನನಗೆ ಹಳೆಯ ಸಿಟ್ಟಿತ್ತು. ರೆಸಾರ್ಟಿನಲ್ಲಿ ಒಮ್ಮೆ ಕೆಲಸದವರ ಮನೆಯವರನ್ನೆಲ್ಲ ಊಟಕ್ಕೆ ಕರೆದಿದ್ದರು. ಇವರು ಹುಮ್ಮಸ್ಸಿನಲ್ಲಿ, ಬಾ ಒಂದು ಸುತ್ತು ಹಾಕಿಸುತ್ತೇನೆ ಎಂದು ಇದೇ ದೋಣಿಗೆ ಕರೆದರು. ನನ್ನದು ಮೊದಲಿನಿಂದಲೂ ಎಡ ಮೊಣಕಾಲು ಸರಿಯಿಲ್ಲ. ದಿನಾ ಬೆಳಗ್ಗೆ ಬಿಸಿನೀರು ಹೊಯ್ದುಕೊಂಡರೇ ಅದು ಮಡಚುವುದು. ದಡದಿಂದ ದೋಣಿಯೊಳಕ್ಕೆ ಕಾಲಿಟ್ಟೆ, ದೋಣಿ ಅಲ್ಲಾಡಿತು, ಹಿಡಿದುಕೊಳ್ಳಲು ಏನೂ ಸಿಗಲಿಲ್ಲ. ಧೊಪ್ಪನೆ ಕೂತೆ, ಒಂದು ಕಾಲು ನೀರಿಗಿಳಿದು ಸೀರೆ ತೊಡೆಯವರೆಗೆ ಒದ್ದೆ. ದಡದಲ್ಲಿದ್ದವರೆಲ್ಲ ನಕ್ಕರು. ಇವರೂ ನಕ್ಕರು, ಅದೇ ನನಗೆ ಉರಿದದ್ದು. "ಇನ್ನು ನಾನು ಇದಕ್ಕೆ ಕಾಲಿಟ್ರೆ ಕೇಳಿ" ಎಂದೆ. ಅದಕ್ಕೆ ಇವರು, "ಊರಿಗ್ ಬಂದೋಳು ನೀರಿಗ್ ಬರ್ದೇ ಇರ್ತಾಳಾ ಬಿಡು" ಎಂದು ಮತ್ತೆ ನಕ್ಕರು. ಒಂದು ವಾರ ನಾನು ಮಾತಾಡಲಿಲ್ಲ.

ಹಾಗಾಗಿ ಹಿತ್ತಲಿನ ದೋಣಿಯೊಳಗೆ ಇವರು ಏನು ಕುಟ್ಟುತ್ತಿದ್ದಾರೆ, ಏನು ಕೊರೆಯುತ್ತಿದ್ದಾರೆ ಎಂದು ನಾನು ಇಣುಕಿಯೂ ನೋಡಲಿಲ್ಲ. ನಾನು ಟೈಲರ್. ಮೂವತ್ತು ವರ್ಷದಿಂದ ಊರ ಹೆಂಗಸರ ರವಿಕೆ ಹೊಲಿದವಳು. ಇವರ ಸುತ್ತಿಗೆಯ ಸದ್ದು ಆ ಕಡೆ, ನನ್ನ ಮಿಷನ್ನಿನ ಸದ್ದು ಈ ಕಡೆ.

ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಇದ್ದವರು ತೊಟ್ಟಿಯ ಪಕ್ಕ ಕುಸಿದರು. ದೊಡ್ಡಬಳ್ಳಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

ನಾನು ಅಳಲಿಲ್ಲ. ಅದನ್ನು ಊರೇ ಗಮನಿಸಿತು. "ಅತ್ಬಿಡೇ ತಾಯಿ, ಎದೆ ಹಗುರ ಆಯ್ತದೆ" ಎಂದು ಬೆನ್ನು ಸವರಿದವರೂ ಇದ್ದರು, ಕಲ್ಲೆದೆಯವಳು ಎಂದವರೂ ಇದ್ದರು. ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಇರುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕೆನ್ನೆ ಮುಟ್ಟಿದ ಹಾಗೆ, ಹಾಗಿದ್ದೆ ನಾನು. ತಿಥಿಯ ಮಾರನೇ ದಿನವೇ ಮಿಷನ್ನಿಗೆ ಕೂತು ಎರಡು ರವಿಕೆ ಮುಗಿಸಿದೆ. ಹಸಿವಾಗುತ್ತಿತ್ತು, ಉಣ್ಣುತ್ತಿದ್ದೆ. ನಿದ್ದೆಯೂ ಬರುತ್ತಿತ್ತು.

ತಿಂಗಳ ಮೇಲೆ ನನ್ನ ತಮ್ಮ ಬಂದ. ಪಕ್ಕದೂರಿನಲ್ಲಿ ಟ್ರಾಕ್ಟರ್ ಇಟ್ಟುಕೊಂಡು ಬೇಸಾಯ ಮಾಡುವವನು. "ಅಕ್ಕಾ, ಈ ಬೋಟ್ನ ಗುಜರಿಯವನಿಗೆ ಕೊಟ್ಬಿಡಣ. ಹಾವು ಸೇರ್ಕೊಂಡಾತು" ಎಂದ. ಕೊಡುವ ಮುಂಚೆ ಒಳಗೆ ಏನಿದೆ ನೋಡೋಣ ಎಂದು ಸ್ಟೂಲು ಹಾಕಿಸಿಕೊಂಡು, ಅವನ ಭುಜ ಹಿಡಿದು, ದೋಣಿ ಹಿತ್ತಲಿಗೆ ಬಂದ ಮೇಲೆ ಮೊದಲ ಸಲ ಒಳಗೆ ಹೋದೆ.

ಒಳಗೆ ಎಲ್ಲವೂ ಸೊಟ್ಟ. ಗೋಡೆಗೆ ಹೊಡೆದ ಹಲಗೆ ಸೊಟ್ಟ, ಒಲೆ ಇಡುವ ಕಟ್ಟೆ ಸೊಟ್ಟ, ಎಲ್ಲದರದ್ದೂ ಬಾಗಿಲ ಕಡೆ ಎತ್ತರ, ಮೂತಿ ಕಡೆ ತಗ್ಗು. ಗೋಡೆಯುದ್ದಕ್ಕೂ ಒಂದು ನೀಲಿ ಪೇಂಟಿನ ಗೆರೆ ಎಳೆದಿದ್ದರು, ಅದೂ ಸೊಟ್ಟ. ಬಾಗಿಲಿಂದ ಹಿಡಿದು ಎಡಗಡೆ ಗೋಡೆಗೆ ಉದ್ದಕ್ಕೆ ಒಂದು ನೀಲಗಿರಿ ಗಳ ಬೇರೆ, ಸೊಂಟದ ಎತ್ತರಕ್ಕೆ, ನಾಲ್ಕು ಸ್ಕ್ರೂ ಹಾಕಿ ಬಿಗಿದದ್ದು. ಅದಕ್ಕೆ ಸುತ್ತಿದ್ದ ಬಟ್ಟೆ ನೋಡಿ ನನಗೆ ರೇಗಿಹೋಯಿತು. ಅದು ನನ್ನ ಹಸಿರು ವಾಯಿಲ್ ಸೀರೆ. ವರ್ಷದಿಂದ ಬೀರುವೆಲ್ಲ ತಡಕಿದ್ದೆ. ಕತ್ತರಿ ಹಿಡಿಗೆ ಸುತ್ತಲು ಎತ್ತಿಟ್ಟಿದ್ದು. ನನ್ನ ಅಂಗೈ ಸದಾ ಬೆವರುತ್ತದೆ, ಬಟ್ಟೆ ಸುತ್ತದಿದ್ದರೆ ಯಾವುದೂ ಹಿಡಿತಕ್ಕೆ ಸಿಗುವುದಿಲ್ಲ. ಅಂಥ ಸೀರೆಯನ್ನು ಹರಿದು ಸೌದೆಗೆ ಸುತ್ತಿದ್ದಾರಲ್ಲ ಮಹಾರಾಯರು!

ಆ ಗಳ ಹೋಗಿ ಮುಟ್ಟುವಲ್ಲಿ ಒಂದು ಮಂಚ. ಒಂದೇ. ಕತ್ತಿನಲ್ಲಿದ್ದ ಟೇಪು ಹಿಡಿದು ನೋಡಿದೆ, ಎರಡೂವರೆ ಅಡಿ ಅಗಲ. ಒಬ್ಬರಿಗಷ್ಟೇ, ಪಕ್ಕದ ನೆಲ ಖಾಲಿ. ನಡುನೋವೆಂದು ಇವರು ಏಳು ವರ್ಷದಿಂದ ಹಜಾರದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು, ನಾನು ಒಳಮನೆಯಲ್ಲಿ ಮಂಚದ ಮೇಲೆ. ಓಹೋ, ಚಾಪೆ ಸಾಕಾಯಿತೇನೋ, ಇಲ್ಲಿ ಮಂಚ ಹಾಕಿಕೊಂಡು ಒಬ್ಬರೇ ಬೇರೆ ಇರುವ ಯೋಚನೆಯಾಗಿತ್ತೇನೋ ಎಂದುಕೊಂಡೆ. ಮೂವತ್ತೆರಡು ವರ್ಷ ಸಂಸಾರ ಮಾಡಿದವರು. ಸತ್ತವರನ್ನು ಕೇಳುವ ಹಾಗಿಲ್ಲ. ಆದರೆ ಅಂದಿನಿಂದ ನನಗೆ ತಿಳಿಯಬೇಕಾಗಿದ್ದದ್ದು ಅದೊಂದೇ, ಈ ದೋಣಿಯಲ್ಲಿ ನನಗೆ ಜಾಗ ಇತ್ತೋ ಇಲ್ಲವೋ. ಬೇರೆ ಯಾವುದೂ ನೋಯದ ಮೈಯಲ್ಲಿ ಅದು ಮಾತ್ರ ಮುಳ್ಳಿನ ಹಾಗೆ ಆಡುತ್ತಿತ್ತು.

"ಗುಜರಿಗೆ ಬೇಡ ಕಣೋ. ಇದನ್ನ ಮುಗಿಸ್ತೀನಿ" ಎಂದೆ ತಮ್ಮನಿಗೆ. ಹಟಕ್ಕೆ ಹೇಳಿದ್ದು. ನಮ್ಮ ಮನೆಯ ಬಾಗಿಲು ಕಿಟಕಿಯೆಲ್ಲ ಮಾಡಿದ ಆಚಾರ್ರನ್ನೇ ಕರೆಸಿದೆ. ಅರವತ್ತು ದಾಟಿದ ಮನುಷ್ಯ, ದೋಣಿ ಎಂಬುದನ್ನು ಕ್ಯಾಲೆಂಡರಿನಲ್ಲಿ ಬಿಟ್ಟು ಬೇರೆ ಕಂಡವರಲ್ಲ. ಒಳಗೆ ಬಂದವರೇ ರಸಮಟ್ಟ ತೆಗೆದು ಒಲೆಕಟ್ಟೆಯ ಮೇಲಿಟ್ಟರು. ಗಾಜಿನೊಳಗಿನ ಗುಳ್ಳೆ ಓಡಿ ಒಂದು ಮೂಲೆ ಸೇರಿತು. ಮಂಚದ ಮೇಲಿಟ್ಟರು, ಅಲ್ಲೂ ಹಾಗೇ.

"ಅಲ್ಲ ಅಕ್ಕಾ, ಯಜಮಾನ್ರು ಒಂದಾದ್ರೂ ನೆಟ್ಗೆ ಹೊಡ್ದವ್ರಾ ಇದ್ರಲ್ಲಿ? ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಇಲ್ಲಿ ನೆಲ ನೆಟ್ಗೈತೆ, ಕುಣಿತವೇ ಡೊಂಕು."

ನಾನೂ ನಕ್ಕೆ. ಹೊಲಿಗೆ ಒಂದು ನೂಲು ಸೊಟ್ಟ ಹೋದರೂ ಬಿಚ್ಚಿ ಹಾಕುವವಳು ನಾನು. "ಎಲ್ಲಾ ಕಿತ್ತಾಕಿ ಆಚಾರ್ರೇ. ಮೊದ್ಲಿಂದ ಮಾಡಣ" ಎಂದೆ.

"ಈ ಗಳ ಯಾಕಕ್ಕಾ ಇಲ್ಲಿ? ಹೋಗೋರ್ ಬರೋರ್ ಸೊಂಟಕ್ಕೆ ತಾಗ್ತದೆ."

"ಅದ್ನೂ ಕೀಳಿ."

ಕಿತ್ತದ್ದನ್ನೆಲ್ಲ ಬಚ್ಚಲೊಲೆಯ ಪಕ್ಕ ಒಟ್ಟಿದರು. ಸ್ಕ್ರೂ ತೂತುಗಳಿಗೆ ಪುಟ್ಟಿ ತುಂಬಿ, ಗೋಡೆಗೆ, ನೀಲಿ ಗೆರೆಯ ಮೇಲೂ ಸೇರಿಸಿ, ಕೆನೆಬಣ್ಣ ಬಳಿಸಿದೆ.

ಎರಡು ತಿಂಗಳು ಕೆಲಸ ನಡೆಯಿತು. ದೋಣಿಯ ಗೋಡೆ ಮನೆಯ ಗೋಡೆಯ ಹಾಗಲ್ಲ, ಹೊಟ್ಟೆ ಬಂದಿರುತ್ತದೆ. ಆಚಾರ್ರು ಹಲಗೆ ಕತ್ತರಿಸಿ ಇಟ್ಟರೆ ಸಂದಿಯಲ್ಲಿ ಕೈ ತೂರುತ್ತಿತ್ತು. ಮೂರು ಹಲಗೆ ಹಾಳಾದ ಮೇಲೆ ನನಗೆ ತಡೆಯಲಾಗಲಿಲ್ಲ. ಹಳೆಯ ಪೇಪರು ತಂದು, ರವಿಕೆಯ ಕಂಕುಳಿಗೆ ಹೇಗೆ ಗುಂಡಗೆ ಕತ್ತರಿಸುತ್ತೇವೋ ಹಾಗೆ ಗೋಡೆಗೆ ಒತ್ತಿ, ಉಗುರಿನಲ್ಲಿ ಗೀರಿ, ಕತ್ತರಿಸಿಕೊಟ್ಟೆ. ಅದನ್ನು ಹಲಗೆಯ ಮೇಲಿಟ್ಟು ಕೊಯ್ದರು. ಗಪ್ಪನೆ ಕೂತಿತು. "ಅಕ್ಕಾ, ನೀವು ಬೋಟ್ಗೇ ರವಿಕೆ ಹೊಲ್ದ್ರಿ ಬಿಡಿ" ಎಂದರು ಆಚಾರ್ರು. ಆಮೇಲೆ ಬೀರು, ಕಪಾಟು, ಒಲೆಕಟ್ಟೆ ಎಲ್ಲ ನನ್ನ ಪೇಪರಿನಲ್ಲೇ ಆದವು. ಪ್ರತಿಯೊಂದಕ್ಕೂ ರಸಮಟ್ಟ ಇಟ್ಟು, ಗುಳ್ಳೆ ನಡುಮಧ್ಯ ನಿಂತ ಮೇಲೇ ಮೊಳೆ. ಮಂಚವನ್ನು ನಾಲ್ಕಡಿ ಅಗಲ ಮಾಡಿಸಿದೆ. ಯಾರಿಗೆ ಎಂದು ಆಚಾರ್ರು ಕೇಳಲಿಲ್ಲ, ಅಳತೆ ಬರೆದುಕೊಂಡರು. ಕಿಟಕಿಗೆ ಪರದೆ ಹೊಲಿದೆ. ಚೆನ್ನಾಗಿದೆ ಎಂದು ಎಲ್ಲರೂ ಅಂದರು. ನೋಡುವುದಕ್ಕೆ ಚೆನ್ನಾಗಿಯೇ ಇತ್ತು, ನನಗೇನೂ ಅನ್ನಿಸಲಿಲ್ಲ.

ಆ ವರ್ಷ ಮಳೆ ಜೋರಾಗಿ ನಮ್ಮ ಕೆರೆ ಕೋಡಿ ಬಿತ್ತು. ಊರವರು ಗಂಗಮ್ಮನಿಗೆ ಬಾಗಿನ ಬಿಟ್ಟ ಮಾರನೇ ದಿನ ತಮ್ಮ ಟ್ರಾಕ್ಟರಿನಲ್ಲಿ ದೋಣಿಯನ್ನು ಕೆರೆಗೆ ಎಳೆದು ತಂದ. ಹೊಸ ಮನೆಯ ಲೆಕ್ಕ, ಹಾಲುಕ್ಕಿಸಬೇಕು ಎಂದು ಅವನದೇ ಹಟ. ನಿಂಬೆಹಣ್ಣು ಕಟ್ಟಿ, ಕಾಯಿ ಒಡೆದು, ಹತ್ತು ಜನ ಸೇರಿ ತಳ್ಳಿದರು. ದೋಣಿ ನೀರಿಗೆ ಜಾರಿತು, ತೇಲಿತು, ಎಲ್ಲರೂ ಹೋ ಎಂದರು. ಬಾಗಿಲನ್ನು ದಡದ ಕಡೆಗೆ ಮಾಡಿ ಹಗ್ಗ ಕಟ್ಟಿದರು. ತಮ್ಮನೂ ಆಚಾರ್ರೂ ಒಲೆ ಹಚ್ಚಲು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಆಚಾರ್ರ ದನಿ ಕೇಳಿತು. "ಅಯ್ಯೋ ಶಿವನೇ, ಇದೇನಿದು!"

ಹಿಂದಿದ್ದ ಇಂಜಿನ್ನಿನ ಭಾರಕ್ಕೆ ದೋಣಿಯ ಹಿಂಭಾಗ ಒಂದು ಗೇಣು ಇಳಿದು, ಮೂತಿ ಮೇಲೆದ್ದಿತ್ತು. ನೀರಿನಲ್ಲಿ ಅದು ಇರುವುದೇ ಹಾಗೆ. ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಒಂದು ಪಕ್ಕದಿಂದ ಸುರಿದು ಬೆಂಕಿ ಆರಿಹೋಗಿತ್ತು. ಕಪಾಟಿನ ಬಾಗಿಲು ತಾನೇ ತೆರೆದುಕೊಂಡು ಲೋಟಗಳು ಒಂದೊಂದೇ ಉರುಳುತ್ತಿದ್ದವು. ನಾವು ನೆಟ್ಟಗೆ ಮಾಡಿದ್ದೆಲ್ಲ ಸೊಟ್ಟವಾಗಿತ್ತು. "ರಸಮಟ್ಟ ಸರ್ಯಾಗೇ ಇತ್ತಲ್ಲಕ್ಕಾ" ಎಂದು ಆಚಾರ್ರು ಬಾಗಿಲಲ್ಲಿ ನಿಂತು ನನ್ನನ್ನೇ ಕೇಳುತ್ತಿದ್ದರು.

"ತಡೀರಿ, ಬರ್ತೀನಿ" ಎಂದೆ. ತಮ್ಮ ಕೈ ಚಾಚುವಷ್ಟರಲ್ಲಿ ಕಾಲಿಟ್ಟುಬಿಟ್ಟೆ. ದೋಣಿ ಅಲ್ಲಾಡಿತು. ಮೊಣಕಾಲು ಮಡಚಿಕೊಂಡಿತು. ನನ್ನ ಎಡಗೈ ತಾನಾಗಿ ಗೋಡೆಗೆ ಹೋಯಿತು, ಹಿಡಿಯಲು ಏನೂ ಇರಲಿಲ್ಲ, ಬೆವರಿದ ಅಂಗೈ ಹೊಸ ಪೇಂಟಿನ ಮೇಲೆ ಜಾರಿತು. ಜಾರುವಾಗ ಬೆರಳಿಗೆ ಏನೋ ಉಬ್ಬು ಸಿಕ್ಕಿತು. ಪುಟ್ಟಿ ತುಂಬಿದ ತೂತು. ಅಲ್ಲೇ ನೆಲಕ್ಕೆ ಕೂತೆ. ಈ ಸಲ ಯಾರೂ ನಗಲಿಲ್ಲ.

ಕೂತಲ್ಲಿಂದ ಇಂಜಿನ್ನಿನ ಹಿಂದಿನ ಗೋಡೆ ಕಾಣುತ್ತಿತ್ತು. ಬ್ರಷ್ಷು ಹೋಗದ ಆ ಸಂದಿಯಲ್ಲಿ ಒಂದು ಮೊಳ ನೀಲಿ ಗೆರೆ ಹಾಗೇ ಉಳಿದಿತ್ತು. ಕಿಟಕಿಯಾಚೆ ಕೆರೆಯ ನೀರು ಹೇಗೆ ನೆಟ್ಟಗಿತ್ತೋ ಗೆರೆಯೂ ಹಾಗೇ ನೆಟ್ಟಗಿತ್ತು. ಆಚಾರ್ರೂ ಬಗ್ಗಿ ನೋಡಿದರು. "ನೀರಲ್ಲಿದ್ದಾಗ್ಲೇ ಮಟ್ಟದ ಗುರ್ತು ಹಾಕ್ಕೊಂಡವ್ರೆ ಅಕ್ಕಾ. ಅದ್ರ ಪ್ರಕಾರ್ವೇ ಎಲ್ಲಾ ಹೊಡ್ದವ್ರೆ. ದಡ್ಡರು ನಾವು" ಎಂದರು.

ನಾನು ಗೋಡೆ ನೋಡಿದೆ. ಗಳ ಬಿಗಿದಿದ್ದ ಕಡೆ ಪುಟ್ಟಿಯ ನಾಲ್ಕು ಗುರುತು, ಹಿತ್ತಲಿನಲ್ಲಿ ಸೊಟ್ಟ ಕಂಡಿದ್ದವು, ಈಗ ಒಂದೇ ಮಟ್ಟದಲ್ಲಿದ್ದವು. ಬಾಗಿಲಿಂದ ಹೊರಟು ಮಂಚದ ತನಕ. ಎಡಗಡೆಗೆ. ಇವರಿಗೆ ಎಡಗಡೆ ಆಸರೆ ಯಾಕೆ ಬೇಕಿತ್ತು? ಹನ್ನೊಂದು ವರ್ಷ ಈ ದೋಣಿಗೆ ಹಾರಿ ಹತ್ತಿದವರು ಇವರು. ಅಂಗೈ ಬೆವರುವುದು ಯಾರದು? ಮಂಚದ ಮೇಲಂತೂ ಇವರು ಏಳು ವರ್ಷದಿಂದ ಮಲಗಿರಲೇ ಇಲ್ಲ. ಚಾಪೆಯ ಜಾಗ ಮಂಚದ ಪಕ್ಕ ನೆಲದಲ್ಲಿ ಅಚ್ಚುಕಟ್ಟಾಗಿ ಬಿಟ್ಟಿದ್ದರು, ನಾನೇ ಅಲ್ಲಿಗೂ ಮಂಚ ಹಿಗ್ಗಿಸಿ ಮುಚ್ಚಿದ್ದೆ.

"ಯಾಕಕ್ಕಾ, ಕಾಲು ನೋವಾಯ್ತಾ?" ತಮ್ಮ ಕೇಳಿದ.

"ಇಲ್ಲ ಕಣೋ" ಎಂದೆ.

ಆ ಗಳವನ್ನು ಒಲೆಗಿಟ್ಟವಳೂ ನಾನೇ. ಸೀರೆಯ ಸುತ್ತನ್ನೂ ಬಿಚ್ಚದೆ, ಎರಡು ತುಂಡು ಮಾಡಿ ಎರಡು ಬೆಳಗ್ಗೆ ಉರಿಸಿದ್ದೆ. ನೀಲಗಿರಿ ಚೆನ್ನಾಗಿ ಉರಿಯುತ್ತದೆ, ನೀರು ಹದವಾಗಿ ಕಾದಿತ್ತು. ಆ ನೀರನ್ನು ಚೊಂಬು ಚೊಂಬಾಗಿ ಎಡ ಮೊಣಕಾಲಿಗೆ ಹೊಯ್ದುಕೊಂಡು, ಇವತ್ತು ನೋವು ಎಷ್ಟೋ ವಾಸಿ ಎಂದುಕೊಂಡಿದ್ದೆ.